ನೂರಾ ಎಂಟು ವರ್ಷದ ಕೂಲಿ

ನಲವತ್ತು ಲಕ್ಷ ರೂಪಾಯಿಯನ್ನು 370ರಿಂದ ಭಾಗಿಸಿ ನೋಡಿ. 10,810 ಬರುತ್ತದೆ. 370 ರೂಪಾಯಿ ಎಂಬುದು 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿಯ ದಿನಗೂಲಿ. ಆಗ ಒಂದು ಮನೆಗೆ ವರ್ಷಕ್ಕೆ ನೂರು ದಿನ ಕೆಲಸವಿತ್ತು. ಆ ನೂರು ದಿನವೂ ತಪ್ಪದೆ ಸಿಕ್ಕಿ, ಬಂದ ಕೂಲಿಯಲ್ಲಿ ಒಂದು ರೂಪಾಯಿಯನ್ನೂ ಉಣ್ಣದೆ ಉಡದೆ ಕೂಡಿಟ್ಟರೆ ನಲವತ್ತು ಲಕ್ಷ ಆಗುವಷ್ಟರಲ್ಲಿ ನೂರಾ ಎಂಟು ವರ್ಷ ಕಳೆದಿರುತ್ತದೆ. 1917ರಲ್ಲಿ, ಅಂದರೆ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದ ವರ್ಷ ಗುದ್ದಲಿ ಹಿಡಿದವರು 2025ರಲ್ಲಿ ಕೆಳಗಿಡಬಹುದಿತ್ತು.

ಈ ಲೆಕ್ಕ ನಾನು ಮಾಡಿದ್ದು ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ, ನನ್ನ ವಿದ್ಯಾರ್ಥಿಯ ಮನೆ ಜಗಲಿಯ ಮೇಲೆ ಕೂತು. ಹುಡುಗ ನಾನು ಪಾಠ ಮಾಡುವ ಕಾಲೇಜಿನಲ್ಲೇ ಎಲೆಕ್ಟ್ರಿಕಲ್ ಬಿ.ಇ. ಮುಗಿಸಿದ್ದ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಗೆ ಸೀಟು ಸಿಕ್ಕಿತ್ತು. ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡಬೇಕಾದರೆ ಮೊದಲ ವರ್ಷದ ಫೀಸು, ಊಟ, ವಸತಿ, ವಿಮೆ ಎಲ್ಲ ಸೇರಿ 46,000 ಡಾಲರ್ ಕೈಯಲ್ಲಿದೆ ಎಂದು ತೋರಿಸಿ ಎಂದಿದ್ದರು. ಆಗ ಡಾಲರಿಗೆ 87 ರೂಪಾಯಿ. ಗುಣಿಸಿದರೆ ನಲವತ್ತು ಲಕ್ಷದ ಎರಡು ಸಾವಿರ. ಓದು ಎರಡು ವರ್ಷದ್ದು. ಇದು ಬರೀ ಒಂದು ವರ್ಷದ ಮಾತು.

ಜಗಲಿಯ ಗೋಡೆಗೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಪ್ರತಿ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಎರಡೆರಡು ಅಂಕಿ: ಬೆಳಗ್ಗೆ 9.4, ಸಂಜೆ 8.6. ಡೇರಿಗೆ ಹಾಕಿದ ಹಾಲು. ಬರೆಯುವುದು ಹುಡುಗನ ತಾಯಿ. ಡೇರಿಯ ಪಾಸ್‌ಬುಕ್ಕಿನ ಜತೆ ತಿಂಗಳ ಕೊನೆಗೆ ತಾಳೆ ನೋಡುವುದೂ ಅವರೇ. ಎರಡು ಹಸು, ದಿನಕ್ಕೆ ಹದಿನೆಂಟು ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೆ ದಿನಕ್ಕೆ 630. ಹಿಂಡಿ, ಬೂಸ, ಡಾಕ್ಟರ ಖರ್ಚು ಕಳೆಯದೆ, ಹಸು ಒಂದು ದಿನವೂ ಬತ್ತದೆ ಕರೆದರೂ ನಲವತ್ತು ಲಕ್ಷ ಮುಟ್ಟಲು ಹದಿನೇಳು ವರ್ಷ ದಾಟುತ್ತದೆ. ಹುಡುಗನಿಗೆ ಆಗಲೇ ಇಪ್ಪತ್ತೆರಡಾಗಿತ್ತು.

“ಸಾಲ ಸಿಗುತ್ತಲ್ಲ ಸಾರ್?” ಎಂದರು ಅವನ ತಂದೆ. ಸಿಗುತ್ತದೆ. ಆದರೆ ಸಾಲದ ಅಂಕಿಗಳನ್ನು ನಾನು ಅಲ್ಲಿಯವರೆಗೆ ಒಂದು ಹಾಳೆಯ ಮೇಲೆ ಇಳಿಸಿ ನೋಡಿರಲಿಲ್ಲ. ನಲವತ್ತು ಲಕ್ಷಕ್ಕೆ ನೂರಕ್ಕೆ ಹನ್ನೊಂದರ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಲಕ್ಷ ನಲವತ್ತು ಸಾವಿರ, ದಿನಕ್ಕೆ 1,205 ರೂಪಾಯಿ. ಹುಡುಗ ಓದುತ್ತಿದ್ದರೂ, ಮಲಗಿದ್ದರೂ, ಹಬ್ಬ ಇರಲಿ ಭಾನುವಾರ ಇರಲಿ, 1,205. ಆ ಮನೆಯ ಹಾಲಿನ ದಿನದ ದುಡ್ಡಿಗೆ ಹತ್ತಿರಹತ್ತಿರ ಎರಡರಷ್ಟು. ಬರೀ ಬಡ್ಡಿ ಕಟ್ಟುವುದಕ್ಕೆ ಎರಡು ಹಸುವಿನ ಜಾಗದಲ್ಲಿ ನಾಲ್ಕು ಕಟ್ಟಬೇಕು, ಅಸಲು ಹಾಗೇ ಕೂತಿರುತ್ತದೆ. ಹತ್ತು ವರ್ಷದ ಕಂತು ಮಾಡಿಸಿಕೊಂಡರೆ ತಿಂಗಳಿಗೆ ಸುಮಾರು 55,100 ರೂಪಾಯಿ, 120 ಕಂತು, ಒಟ್ಟು 66 ಲಕ್ಷ. ಓದುವ ಕಾಲದಲ್ಲಿ ಬೆಳೆದ ಬಡ್ಡಿ ಇದಕ್ಕೆ ಸೇರಿಲ್ಲ.

ಇನ್ನು ಭದ್ರತೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿತೆಂದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನಕ್ಕೆ ಆಸ್ತಿ ಕೇಳುತ್ತಾರೆ. ತಂದೆ ಪಹಣಿ ತಂದು ಮುಂದಿಟ್ಟರು. ಎರಡು ಎಕರೆ ಹತ್ತು ಗುಂಟೆ, ಅರ್ಧ ತೆಂಗು, ಅರ್ಧ ರಾಗಿ. ಆ ಹಾಳೆಯನ್ನು ಅವರು ಎಷ್ಟು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಿಂದ ತೆಗೆದರೆಂದರೆ, ಇದು ನಡೆಯುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬ್ಯಾಂಕಿನ ಸಾಲ ವಸೂಲಿಗೆಂದು ಇರುವ 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಜಮೀನನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಾಲ ಮುಳುಗಿದರೆ ಕೋರ್ಟಿಗೆ ಹೋಗದೆ ಹೊಲ ಜಪ್ತಿ ಮಾಡುವ ದಾರಿ ಬ್ಯಾಂಕಿಗಿಲ್ಲ. ರೈತನ ಹೊಲ ಉಳಿಯಲಿ ಎಂದು ಮಾಡಿದ ಏರ್ಪಾಡು, ಅದು ಇರಬೇಕಾದದ್ದೇ. ಆದರೆ ಇದರಿಂದಾಗಿ ಮೂರು ತಲೆಮಾರು ಉತ್ತ ಎರಡು ಎಕರೆಗೆ ಶಿಕ್ಷಣ ಸಾಲದ ಮೇಜಿನ ಮೇಲೆ ಬೆಲೆ ಸಿಗುವುದೇ ಕಷ್ಟ. ಹಾಸನದಲ್ಲಿ ಒಂದು ಮೂವತ್ತು-ನಲವತ್ತರ ಸೈಟು ಇದ್ದವನಿಗೆ ಆ ಮೇಜಿನ ಮುಂದೆ ಕುರ್ಚಿ ಸಿಗುತ್ತದೆ. ಮನೆಯನ್ನೇ ಇಡೋಣವೆಂದರೆ ಅದು ಗ್ರಾಮಠಾಣಾದಲ್ಲಿದೆ, ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9, ನಮೂನೆ 11 ಆಗಬೇಕು, ಮನೆಯಿನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ.

ಬೆರಗು ಇಲ್ಲಿಗೆ ನಿಲ್ಲುವುದಿಲ್ಲ. ಡಾಲರ್ ಒಂದೇ ಒಂದು ರೂಪಾಯಿ ಏರಿದರೆ ಈ ಮನೆಯ ಮೇಲೆ 46,000 ರೂಪಾಯಿ ಬೀಳುತ್ತದೆ. ಅದು 124 ದಿನದ ಕೂಲಿ, ಖಾತ್ರಿಯ ಆ ನೂರು ದಿನ ಪೂರ್ತಿ ದುಡಿದರೂ ಸಾಲದು. ಮುಂಬೈಯಲ್ಲೋ ನ್ಯೂಯಾರ್ಕಿನಲ್ಲೋ ಯಾರೋ ಪರದೆ ನೋಡಿ ಗುಂಡಿ ಒತ್ತಿದ್ದಕ್ಕೆ ಅರಸೀಕೆರೆಯ ಒಂದು ಕುಟುಂಬದ ವರ್ಷ ಹೋಯಿತು. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿತು.

ಹಾಗಾದರೆ ಸಹಾಯಧನ? ಅಮೆರಿಕದಲ್ಲಿ 2024-25ರಲ್ಲಿ ಇದ್ದ ಭಾರತೀಯ ವಿದ್ಯಾರ್ಥಿಗಳು 3,63,019. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಎಲ್ಲ ದೇಶ, ಎಲ್ಲ ವಿಷಯ ಸೇರಿ ವರ್ಷಕ್ಕೆ 125. ಫೀಸು ಪೂರ್ತಿ ಕಟ್ಟುತ್ತಾರೆ, ಅಮೆರಿಕಕ್ಕೆ ಹೋದವರಿಗೆ ವರ್ಷಕ್ಕೆ 15,400 ಡಾಲರ್ ಜೀವನ ಭತ್ಯೆ ಬೇರೆ. ಬಹಳ ದೊಡ್ಡ ಕೆಲಸ, ಕಡಿಮೆ ಮಾಡಿ ಹೇಳುವುದಿಲ್ಲ. ಈ 125ರಲ್ಲಿ ಪರಿಶಿಷ್ಟ ಜಾತಿಯವರಿಗೆ 115. 2011ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಜಾತಿಯ ಜನ 20.14 ಕೋಟಿ. ಭಾಗಿಸಿದರೆ ಹದಿನೇಳೂವರೆ ಲಕ್ಷ ಜನಕ್ಕೆ ಒಂದು. ಅದೇ ಜನಗಣತಿಯಲ್ಲಿ ನಮ್ಮ ಇಡೀ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಸಕಲೇಶಪುರದಿಂದ ಅರಸೀಕೆರೆವರೆಗೆ, ಚನ್ನರಾಯಪಟ್ಟಣದಿಂದ ಬೇಲೂರಿನವರೆಗೆ ಇರುವ ಪ್ರತಿಯೊಬ್ಬರನ್ನೂ ಸಾಲಾಗಿ ನಿಲ್ಲಿಸಿ ಒಬ್ಬರನ್ನು ಮಾತ್ರ ಕರೆದಂತೆ. ನಮ್ಮ ಹುಡುಗನ ಜತೆಗೇ ಓದಿದ, ಅವನಿಗಿಂತ ಜಾಣೆಯಾದ ಹುಡುಗಿಯೊಬ್ಬಳು ಅದಕ್ಕೆ ಅರ್ಜಿ ಹಾಕಿದ್ದಳು. ಸಿಗಲಿಲ್ಲ. ಈಗ ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಮಾಡುವ ಕಡೆ ಕೆಲಸಕ್ಕಿದ್ದಾಳೆ. ಅವಳ ಪ್ರಾಜೆಕ್ಟ್ ವರದಿ ಇನ್ನೂ ನನ್ನ ಬೀರುವಿನಲ್ಲಿದೆ, ತೆಗೆದು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಏಕೆಂದರೆ ಒಂದು ಸಹಾಯಧನ ಏನು ಮಾಡಬಲ್ಲದು ಎಂಬುದೂ ಅಂಕಿಯಲ್ಲೇ ಇದೆ. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಲು ಅಂಬೇಡ್ಕರರಿಗೆ ಕೊಟ್ಟದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಆಗ ಒಂದು ಪೌಂಡಿಗೆ 15 ರೂಪಾಯಿ. ತಿಂಗಳಿಗೆ 172 ರೂಪಾಯಿ ಎಂಟಾಣೆ, 36 ತಿಂಗಳಿಗೆ 6,210 ರೂಪಾಯಿ. ಅಷ್ಟೇ.

ಎಂಜಿನಿಯರಿಂಗಿನದೇ ಉದಾಹರಣೆ ಬೇಕೆಂದರೆ ರಾಜೇಶ್ವರಿ ಚಟರ್ಜಿ ಇದ್ದಾರೆ. 1922ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಹಡಗಿನಲ್ಲಿ ಸುಮಾರು ಒಂದು ತಿಂಗಳು ಪ್ರಯಾಣ ಮಾಡಿ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. ಎಲೆಕ್ಟ್ರಿಕಲ್ ಎಂಜಿನಿಯರಿಂಗಿನಲ್ಲಿ ಎಂ.ಎಸ್. ಆದಮೇಲೆ ಪಿಎಚ್.ಡಿ.ಗೆ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಅದು ಶುರುವಾದದ್ದೂ 1917ರಲ್ಲೇ. 1953ರಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠಕ್ಕೆ ನಿಂತರು, ಮೈಕ್ರೋವೇವ್ ಸಂಶೋಧನೆ ಕಟ್ಟಿದರು. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರೇ ಇಪ್ಪತ್ತು ಮಂದಿ, ಆ ಇಪ್ಪತ್ತು ಮಂದಿಗೆ ಶಿಷ್ಯರು ಎಷ್ಟೋ.

ನಮ್ಮ ಹುಡುಗ ಕೊನೆಗೆ ಅಮೆರಿಕದ ಯೋಚನೆ ಬಿಟ್ಟು ಜರ್ಮನಿಯ ಕಡೆ ನೋಡಿದ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಎಲ್ಲ ಕಡೆಯೂ ಹಾಗಲ್ಲ, ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ, ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಎಂ.ಎಸ್ಸಿ.ಗೆ ಸೆಮಿಸ್ಟರಿಗೆ ನಾಲ್ಕರಿಂದ ಆರು ಸಾವಿರ ಯೂರೋ ಇಟ್ಟಿದೆ. ಇವನು ಶುಲ್ಕವಿಲ್ಲದ ಕಡೆ ಸೀಟು ಹಿಡಿದ. ಅಂಕಪಟ್ಟಿ ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಕಟ್ಟಿದ. ವೀಸಾಕ್ಕೆ ಮುಂಚೆ ಒಂದು ವರ್ಷದ ಊಟ-ವಸತಿಯ ಹಣ, 11,904 ಯೂರೋ, ತಡೆಹಿಡಿದ ಖಾತೆಯಲ್ಲಿ ಇಡಬೇಕು. ಯೂರೋಗೆ ನೂರು ರೂಪಾಯಿಯಂತೆ ಸುಮಾರು ಹನ್ನೆರಡು ಲಕ್ಷ. ಏಳೂವರೆ ಲಕ್ಷಕ್ಕೆ ಆಸ್ತಿ ಅಡಮಾನ ಬೇಡ, ಜಾಮೀನುದಾರ ಸಾಕು. ಜಾಮೀನಿಗೆ ನಾನು ಸಹಿ ಹಾಕಿದೆ. ಮಿಕ್ಕದ್ದು ಸೋದರಮಾವ ಕೊಟ್ಟದ್ದು, ತೆಂಗಿನ ಫಸಲಿಗೆ ಮುಂಗಡ ಹಿಡಿದದ್ದು, ತಾಯಿಯ ಎರಡೆಳೆ ಸರ. ನಲವತ್ತು ಲಕ್ಷದ ಮುಂದೆ ಹನ್ನೆರಡು ಲಕ್ಷ ಚಿಕ್ಕದಾಗಿ ಕಾಣುತ್ತದೆ. ಕೂಲಿಯ ಲೆಕ್ಕದಲ್ಲಿ ಅದೂ ಮೂವತ್ತೆರಡು ವರ್ಷ.

ಆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ಅವನ ಕೈಗೆ ಬರುತ್ತದೆ. ಅಕ್ಟೋಬರಿನಲ್ಲಿ ಮೊದಲ ಕಂತು ಬಂದ ದಿನ ಮನೆಗೆ ಫೋನ್ ಮಾಡಿದ್ದನಂತೆ. ವಾರದ ನಂತರ ನಾನು ಹೋದಾಗ ತಾಯಿ ಕೊಟ್ಟಿಗೆಯಲ್ಲಿದ್ದರು. ಆ ದುಡ್ಡು ರೂಪಾಯಿಯಲ್ಲಿ ಎಷ್ಟಾಗುತ್ತದೆ ಎಂದು ಕೇಳಿದರು. ತೊಂಬತ್ತೊಂಬತ್ತು ಸಾವಿರದ ಇನ್ನೂರು ಎಂದೆ. ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಐದು ತಿಂಗಳ ಹಾಲು, ಸಾರ್” ಎಂದರು. ನಾನು ಮನೆಗೆ ಬಂದು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ. ಐದು ತಿಂಗಳು, ಒಂದು ವಾರ. ಅವರ ಜಗಲಿಯ ಕ್ಯಾಲೆಂಡರಿನ ಅಕ್ಟೋಬರ್ ಹಾಳೆಯಲ್ಲಿ, ಅವನು ಫೋನ್ ಮಾಡಿದ ದಿನದ ಚೌಕದಲ್ಲಿ, ಬೆಳಗಿನ ಹಾಲು, ಸಂಜೆಯ ಹಾಲಿನ ಕೆಳಗೆ ಅದೇ ಪೆನ್ಸಿಲಿನಿಂದ 992 ಎಂದು ಬರೆದಿತ್ತು.