ಪಿಕಪ್ ‘ಗರಗರ’ ಅಂತಿದೆಯಾ? ಗ್ಯಾರೇಜಿಗೆ ಬಿಡೋ ಮೊದಲು ಸದ್ದು ಯಾವಾಗ ಬರ್ತದೆ ನೋಡಿಕೊಳ್ಳಿ

ಕೋಲಾರ: ಎಪಿಎಂಸಿ ಗೇಟಿನ ಹತ್ತಿರ ನಿಂತರೆ ಸಾಕು, ಹತ್ತು ಹನ್ನೆರಡು ವರ್ಷ ಓಡಿದ ಪಿಕಪ್‌ಗಳು ಒಂದರ ಹಿಂದೆ ಒಂದು ಟೊಮೆಟೊ ಹೊತ್ತು ಬರ್ತಾನೇ ಇರ್ತವೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯೂ ಇದೇ ಕಥೆ. ಈ ಗಾಡಿಗಳ ಮಾಲೀಕರು ಗ್ಯಾರೇಜಿನಲ್ಲಿ ಹೆಚ್ಚಾಗಿ ಹೇಳುವ ದೂರು ಒಂದಿದೆ: ‘ಗರಗರ ಅಂತ ಸೌಂಡ್ ಬರ್ತೈತೆ, ಆದ್ರೆ ಯಾವಾಗ್ಲೂ ಬರಲ್ಲ.’

ಈ ‘ಯಾವಾಗ್ಲೂ ಬರಲ್ಲ’ ಅನ್ನೋದೇ ತಲೆನೋವು. ಮೆಕ್ಯಾನಿಕ್ ಹತ್ತಿ ಒಂದು ರೌಂಡ್ ಹೋದರೆ ಗಾಡಿ ಸುಮ್ಮನಿರ್ತದೆ. ಆಗ ಅಂದಾಜಿನ ಮೇಲೆ ಕೆಲಸ ಶುರು. ಮೊದಲು ಬ್ರೇಕ್ ಲೈನರ್, ಆಮೇಲೆ ಬೇರಿಂಗ್, ಆಮೇಲೆ ಕ್ಲಚ್. ದುಡ್ಡು ಹೋಗ್ತದೆ, ಸದ್ದು ಉಳೀತದೆ. ಕೆಲವರು ಬೇಸತ್ತು ‘ಹಳೇ ಗಾಡಿ, ಬಿಡು’ ಅಂತ ಓಡಿಸ್ತಾರೆ. ಅಪಾಯ ಇರೋದು ಇಲ್ಲೇ. ಚಕ್ರದ ಬೇರಿಂಗೋ ಬ್ರೇಕೋ ಸವೆದು ಬರುವ ಸದ್ದಾಗಿದ್ದರೆ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಲೋಡ್ ಸಮೇತ ಕೈಕೊಡಬಹುದು.

ಗ್ಯಾರೇಜಿನಲ್ಲಿ ಸದ್ದು ಬರದಿರೋದಕ್ಕೆ ಕಾರಣ ಸರಳ. ಅಲ್ಲಿ ಗಾಡಿ ಖಾಲಿ ಇರ್ತದೆ, ತಣ್ಣಗಿರ್ತದೆ, ಓಡೋದು ಇನ್ನೂರು ಮೀಟರ್. ಸದ್ದು ಬರೋದು ಲೋಡ್ ಇದ್ದಾಗ, ಐವತ್ತು ಕಿಲೋಮೀಟರ್ ಓಡಿ ಬಿಸಿಯಾದಾಗ. ಭಾರ ಬಿದ್ದರೆ ಹಿಂದಿನ ಪ್ಲೇಟ್ ಸೆಟ್ ಕುಸಿದು ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗ್ತದೆ. ಬಿಸಿಗೆ ಬೇರಿಂಗಿನೊಳಗಿನ ಸಂದು ಬದಲಾಗ್ತದೆ, ಗ್ರೀಸ್ ತೆಳುವಾಗ್ತದೆ. ಹಾಗಾಗಿ ಮೊದಲ ಕೆಲಸ ಸ್ಪ್ಯಾನರ್ ಹಿಡಿಯೋದಲ್ಲ. ಎರಡು ಮೂರು ದಿನ ಕಿವಿಗೊಟ್ಟು, ಸದ್ದು ಯಾವಾಗ ಬರ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಡೋದು. ಪಕ್ಕದಲ್ಲಿ ಕೂತವರಿಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೇಳಿ. ಮೆಕ್ಯಾನಿಕ್‌ಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಗಾಡಿ ನಿಂತಿದ್ದಾಗಲೇ ಸದ್ದು ಬರ್ತದಾ ಅನ್ನೋದು ಮೊದಲ ಪ್ರಶ್ನೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಟ್ಟು ಕೇಳಿ. ಕ್ಲಚ್ ಬಿಟ್ಟಾಗ ಗರಗರ, ತುಳಿದ ಕೂಡಲೇ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ ಅನುಮಾನ. ಅದಕ್ಕೆ ತಿರುಗುಮುರುಗಾಗಿ, ಕ್ಲಚ್ ತುಳಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ರಿಲೀಸ್ ಬೇರಿಂಗ್. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು. ಆದ್ದರಿಂದ ಇಳಿಸಿದಾಗ ಕ್ಲಚ್ ಪ್ಲೇಟನ್ನೂ ನೋಡಿಬಿಡೋದು ಲಾಭ. ಕ್ಲಚ್‌ಗೆ ಸಂಬಂಧವೇ ಇಲ್ಲದೆ ಇಂಜಿನ್ ಮುಂಭಾಗದಿಂದ ಬಂದರೆ ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಬೆಲ್ಟ್ ಟೆನ್ಷನರ್ ಬೇರಿಂಗ್ ಇರಬಹುದು. ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಇಂಜಿನ್ ಓಡಿಸಿದರೆ ಗೊತ್ತಾಗ್ತದೆ; ಅದಕ್ಕಿಂತ ಹೆಚ್ಚು ಹೊತ್ತು ಬೇಡ, ನೀರಿನ ಪಂಪ್ ತಿರುಗದೆ ಇಂಜಿನ್ ಬಿಸಿಯಾಗ್ತದೆ.

ಸ್ಟಾರ್ಟ್ ಮಾಡುವಾಗ ಮಾತ್ರ ‘ಕರ್ರ್’ ಅನ್ನೋದು ಬೇರೆ ಕೇಸು. ಹತ್ತು ಸಲದಲ್ಲಿ ಎರಡು ಸಲ ಬರ್ತದೆ, ಉಳಿದ ಸಲ ಸಲೀಸಾಗಿ ಸ್ಟಾರ್ಟ್ ಆಗ್ತದೆ. ಕಾರಣ ಸ್ವಾರಸ್ಯವಾಗಿದೆ. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲೋದಿಲ್ಲ. ಕಂಪ್ರೆಷನ್ ತಡೆಯುವುದರಿಂದ ಹೆಚ್ಚಾಗಿ ಎದುರುಬದುರಾದ ಎರಡು ಜಾಗಗಳ ಆಸುಪಾಸಲ್ಲೇ ನಿಲ್ತದೆ. ಹಾಗಾಗಿ ಫ್ಲೈವೀಲಿನ ಸುತ್ತ ಇರುವ ರಿಂಗ್ ಗೇರಿನಲ್ಲಿ ಆ ಎರಡು ಕಡೆಯ ಹಲ್ಲುಗಳಿಗೇ ಸ್ಟಾರ್ಟರ್ ಪ್ರತಿಸಲ ಬಂದು ಬಡಿಯೋದು, ಅವೇ ಸವೆಯೋದು. ಇಂಜಿನ್ ಸ್ವಲ್ಪ ಆಚೀಚೆ ನಿಂತ ದಿನ ಒಳ್ಳೆ ಹಲ್ಲು ಸಿಕ್ಕಿ ಸದ್ದು ಬರಲ್ಲ. ಸ್ಟಾರ್ಟರ್ ಮಾತ್ರ ಬದಲಾಯಿಸಿ ರಿಂಗ್ ನೋಡದೆ ಬಿಟ್ಟರೆ ಹೊಸ ಸ್ಟಾರ್ಟರ್ ಹಲ್ಲೂ ಹಾಳಾಗ್ತದೆ.

ಗಾಡಿ ಓಡಿದಾಗಲೇ ಸದ್ದು ಬರೋದಾದರೆ ಖಾಲಿ, ಸಮತಟ್ಟಾದ, ನೇರ ರಸ್ತೆ ಹುಡುಕಿ. 40ರ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್ ಮಾಡಿ. ಇಂಜಿನ್ ಆಫ್ ಮಾಡಬೇಡಿ, ಬ್ರೇಕ್ ಬೂಸ್ಟರ್ ಕೆಲಸ ನಿಂತು ಪೆಡಲ್ ಗಟ್ಟಿಯಾಗ್ತದೆ. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ನ್ಯೂಟ್ರಲ್‌ನಲ್ಲೂ ಸದ್ದು ಹಾಗೇ ಇದ್ದು, ವೇಗ ಇಳಿದಂತೆ ತಾನೂ ಇಳಿದರೆ ತೊಂದರೆ ಚಕ್ರ, ಬ್ರೇಕ್ ಅಥವಾ ಶಾಫ್ಟ್ ಕಡೆ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಹಿಂದಿನ ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ ನೋಡಿಸಿ. ಆಯಿಲ್ ಮಟ್ಟ ನೋಡಿ, ಡ್ರೈನ್ ಪ್ಲಗ್ ಬಿಚ್ಚಿದಾಗ ಕಬ್ಬಿಣದ ಚೂರು ಬಂದರೆ ಮುಂದೂಡಬೇಡಿ.

ಇನ್ನು ಬ್ರೇಕ್. ನಮ್ಮಲ್ಲಿ ಓಡುವ ಬೊಲೆರೊ ಪಿಕಪ್‌ನಂಥ ಗಾಡಿಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ತುಳಿದಾಗಲೆಲ್ಲ ಕಬ್ಬಿಣ ಉಜ್ಜಿದ ಸದ್ದು ಬಂದರೆ ಮುಂದಿನ ಪ್ಯಾಡ್ ಪೂರ್ತಿ ಸವೆದು ಹಿಂದಿನ ಪ್ಲೇಟೇ ಡಿಸ್ಕಿಗೆ ಉಜ್ಜುತ್ತಿರಬಹುದು. ಚಕ್ರದ ಸಂದಿಯಿಂದ ಇಣುಕಿ ‘ಪ್ಯಾಡ್ ಇದೆ’ ಅನ್ನೋರು ಬಹಳ. ಆದರೆ ಅಲ್ಲಿಂದ ಕಾಣೋದು ಹೊರಗಿನ ಪ್ಯಾಡ್. ಕ್ಯಾಲಿಪರಿನ ಪಿನ್ ಜಾಮ್ ಆಗಿದ್ದರೆ ಒಳಗಿನದು ಎಂದೋ ಮುಗಿದಿರ್ತದೆ. ಚಕ್ರ ಬಿಚ್ಚಿಯೇ ನೋಡಬೇಕು. ಹಿಂದೆ ಲೈನರ್ ಸವೆದು ರಿವೆಟ್ ಹೊರಬಂದಿದ್ದರೆ ಡ್ರಮ್ಮಿನಲ್ಲಿ ಗೀರು ಬೀಳ್ತದೆ. ಆಗ ಲೈನರ್ ಹೊಸದು ಹಾಕಿದರೂ ಸದ್ದು ಹೋಗಲ್ಲ, ಡ್ರಮ್ ಲೇತ್‌ಗೆ ಕೊಡಬೇಕು ಅಥವಾ ಬದಲಾಯಿಸಬೇಕು.

ಎರಡು ಸದ್ದಿಗೆ ಹೆದರಬೇಕಿಲ್ಲ. ಮಳೆಯಲ್ಲಿ ರಾತ್ರಿ ನಿಂತ ಗಾಡಿ ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಅಂದು ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತುಕ್ಕು, ಅಷ್ಟೇ. ಇನ್ನೊಂದು, ಕಲ್ಲು. ತೋಟದ ಮಣ್ಣುದಾರಿಯಲ್ಲಿ ಹೋಗಿ ಬಂದ ಮೇಲೆ ದಿಢೀರ್ ಅಂತ ಕಿವಿಗಡಚಿಕ್ಕುವ ಸದ್ದು ಶುರುವಾದರೆ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಒಮ್ಮೆ ಬರ್ತದೆ, ಒಮ್ಮೆ ಇಲ್ಲ, ರಿವರ್ಸ್ ಹೋದರೆ ಕೆಲವೊಮ್ಮೆ ಉದುರಿಯೇ ಹೋಗ್ತದೆ. ಇದಕ್ಕೆ ಸಾವಿರಾರು ರೂಪಾಯಿ ಬಿಲ್ ಮಾಡಿಸಿಕೊಂಡವರೂ ಇದ್ದಾರು.

ಹೆದರಲೇಬೇಕಾದ್ದು ಚಕ್ರದ ಬೇರಿಂಗ್. ಶುರುವಿನಲ್ಲಿ ಅದು ಟೈರ್ ಸದ್ದಿನಂತೆ ‘ಹೂಂ’ ಅನ್ನುತ್ತೆ, ತಿಂಗಳು ಕಳೆದಂತೆ ಗೊರಗೊರ ಆಗ್ತದೆ. ಗುರುತಿಸೋದು ಹೀಗೆ: ಉದ್ದನೆ ತಿರುವಿನಲ್ಲಿ ಗಾಡಿ ಎಡಕ್ಕೆ ತಿರುಗಿದರೆ ಭಾರ ಬಲಗಡೆ ಚಕ್ರಗಳ ಮೇಲೆ ಬೀಳ್ತದೆ. ಆಗ ಸದ್ದು ಜೋರಾದರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆ. ಆಮೇಲೆ ಜಾಕ್ ಹಾಕಿ ಚಕ್ರ ಎತ್ತಿ, ಮೇಲೆ ಕೆಳಗೆ ಕೈಯಿಟ್ಟು ಅಲ್ಲಾಡಿಸಿ. ಕಟಕಟ ಅಂತ ಆಡಿದರೆ ಸಂಶಯವೇ ಬೇಡ. ಆಡದಿದ್ದರೂ ಚಕ್ರ ಕೈಯಲ್ಲಿ ತಿರುಗಿಸಿ, ಒರಟಾಗಿ ಮರಳು ಉಜ್ಜಿದ ಹಾಗೆ ಅನ್ನಿಸ್ತದಾ ನೋಡಿ. ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡೋದು ಮರೀಬೇಡಿ. ಜಾಕ್ ಮೇಲಿರುವ ಗಾಡಿಯ ಕೆಳಗೆ ತಲೆ ತೂರಿಸಬೇಡಿ, ಗೇರ್ ಹಾಕಿ ಚಕ್ರ ತಿರುಗಿಸೋ ಸಾಹಸ ಅಂತೂ ಬೇಡ. ಇನ್ನೊಂದು ಉಪಾಯ: ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿ ನಿಲ್ಲಿಸಿದ ಮೇಲೆ ನಾಲ್ಕೂ ಹಬ್‌ಗಳ ಹತ್ತಿರ ಕೈ ಹಿಡಿದು, ಮುಟ್ಟದೆ, ಕಾವು ಹೋಲಿಸಿ. ಒಂದು ಕಡೆ ಮಾತ್ರ ಹಬೆ ಹೊಡೆದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಲೋಡ್ ಇದ್ದಾಗ ಮಾತ್ರ, ಗಾಡಿಯ ಹೊಟ್ಟೆ ಕೆಳಗಿಂದ ಬರುವ ಸದ್ದಿಗೆ ಶಾಫ್ಟ್ ಮಧ್ಯದ ಸೆಂಟರ್ ಬೇರಿಂಗ್ ಅಥವಾ ಯುಜೆ ಕ್ರಾಸ್ ಕಾರಣ ಇರಬಹುದು. ಗಾಡಿ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಗೊತ್ತಾಗ್ತದೆ. ಗ್ರೀಸ್ ನಿಪ್ಪಲ್ ಇರುವ ಕ್ರಾಸಿಗೆ ಗ್ರೀಸ್ ಹೊಡೆಸದೆ ವರ್ಷಗಟ್ಟಲೆ ಓಡಿಸೋದು ನಮ್ಮಲ್ಲಿ ಮಾಮೂಲು.

ಲೋಡಿನ ಮಾತು ಬಂತಲ್ಲ, ಲೆಕ್ಕ ಹೇಳಿಬಿಡ್ತೀವಿ. ಟೊಮೆಟೊ ಬಾಕ್ಸ್ 15 ಕೆಜಿ ಅಂದುಕೊಂಡರೆ 120 ಬಾಕ್ಸಿಗೆ 1,800 ಕೆಜಿ ಆಯ್ತು, ಕ್ರೇಟಿನ ತೂಕ ಬೇರೆ. 1.3 ಟನ್ ಹೊರುವ ಗಾಡಿಗೆ ಇದು ಅರ್ಧ ಟನ್ ಹೆಚ್ಚು. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರ್ತವೆ, ಕಳೆದು ನೋಡಿ. ಹೆಚ್ಚಿನ ಭಾರ ಮೊದಲು ತಿನ್ನೋದು ಹಿಂದಿನ ಬೇರಿಂಗ್ ಮತ್ತು ಲೈನರನ್ನೇ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು ನಿಜ, ಆದರೆ ಖಾಲಿ ಗಾಡಿ ತೋರಿಸಿ ಎಫ್‌ಸಿ ಆದ ಮಾತ್ರಕ್ಕೆ ಲೋಡಿನಲ್ಲಿ ಬರುವ ಸದ್ದು ಹೋಗಿರೋದಿಲ್ಲ.

ಸದ್ದಿನ ಜೊತೆ ಬ್ರೇಕ್ ಪೆಡಲ್ ಕೆಳಗಿಳಿದರೆ, ಸುಟ್ಟ ವಾಸನೆ ಬಂದರೆ, ಸ್ಟೀರಿಂಗ್ ನಡುಗಿದರೆ ಅಥವಾ ಚಕ್ರ ಆಡಿದರೆ ಗಾಡಿ ಪಕ್ಕಕ್ಕೆ ಹಾಕಿ. ಮಾಲನ್ನು ಬೇರೆ ಗಾಡಿಗೆ ಬದಲಾಯಿಸಿ. ಬಾಡಿಗೆ ನಷ್ಟವಾಗ್ತದೆ, ಹರಾಜಿನ ಹೊತ್ತು ತಪ್ಪಬಹುದು, ಆದರೂ ಬೇರೆ ದಾರಿ ಇಲ್ಲ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಮೊದಲು ಚಕ್ರದ ನಟ್ ಬಿಗಿ ಇದೆಯಾ ನೋಡಿ, ಸಡಿಲಾದ ನಟ್ಟೂ ಇಂಥದೇ ಸದ್ದು ಮಾಡ್ತದೆ.

ಬೇರಿಂಗ್ ಬದಲಾಯಿಸಿದರೆ ಹಳೆಯದನ್ನು ಕೇಳಿ ಪಡೆದು ನೋಡಿ. ರೋಲರ್ ಮೇಲೆ ಕಲೆ, ಗುಳಿ, ನೀಲಿ ಬಣ್ಣ ಇದ್ದರೆ ರೋಗ ಸಿಕ್ಕಿದೆ ಅಂತ ಅರ್ಥ. ಕನ್ನಡಿಯಂತೆ ಹೊಳೀತಿದ್ದರೆ ಸದ್ದು ಬಹುಶಃ ಬೇರೆ ಕಡೆಯದು. ಹೊಸದು ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಒಳಗೆ ಒಮ್ಮೆ ಹಬ್ ಕಾವು ನೋಡಿ, ನಟ್ ಮತ್ತೊಮ್ಮೆ ಬಿಗಿ ಮಾಡಿಸಿ. ಮೆಕ್ಯಾನಿಕ್ ಅನ್ನು ಖಾಲಿ ಗಾಡಿಯಲ್ಲಲ್ಲ, ಲೋಡ್ ಹಾಕಿದ ದಿನವೇ ಹತ್ತಿಸಿಕೊಂಡು ಒಂದು ಸುತ್ತು ಬನ್ನಿ.