ಟ್ರಾಲಿಯ ಮೂಕಿ ಎತ್ತುವ ಜಾಕ್

ಚಕ್ಕಡಿಯ ಎತ್ತು ಬಿಚ್ಚಿದ ಮೇಲೆ ಏನು ಮಾಡುತ್ತೇವೆ? ನೊಗದ ಕೆಳಗೆ ಒಂದು ಕೋಲು ಕೊಡುತ್ತೇವೆ. ಇಲ್ಲದಿದ್ದರೆ ಮೂಕಿ ನೆಲಕ್ಕೆ ಬೀಳುತ್ತದೆ. ಟ್ರ್ಯಾಕ್ಟರಿನ ಟ್ರಾಲಿಗೂ ಇದೇ ಮಾತು. ಟ್ರಾಲಿಯ ಮುಂದೆ ಕಬ್ಬಿಣದ ಉದ್ದ ತೊಲೆ ಇರುತ್ತದೆ. ಅದೇ ಟ್ರಾಲಿಯ ಮೂಕಿ. ಅದರ ತುದಿಗೆ ಪಿನ್ನು ಹಾಕಿ ಟ್ರ್ಯಾಕ್ಟರಿಗೆ ಜೋಡಿಸುತ್ತಾರೆ. ಪಿನ್ನು ತೆಗೆದರೆ ಮೂಕಿಯನ್ನು ಹಿಡಿಯುವವರು ಯಾರು?

ತುಂಗಭದ್ರಾ ನದಿಯ ಆ ದಡದಲ್ಲಿ ಹರಿಹರ, ಈ ದಡದಲ್ಲಿ ಕುಮಾರಪಟ್ಟಣ. ಇಲ್ಲಿಂದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತನಕ ಎಲ್ಲಿ ನೋಡಿದರೂ ಟ್ರಾಲಿ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಇಟ್ಟಿಗೆ ಎಲ್ಲವೂ ಅದರಲ್ಲೇ. ತುಂಬುವವರಲ್ಲಿ, ಇಳಿಸುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಟ್ರ್ಯಾಕ್ಟರು ಹಿಂದೆ ಸರಿಯುವಾಗ "ಒಂದ್ಚೂರು ಮೂಕಿ ಎತ್ರವ್ವಾ" ಅಂತ ಕೂಗು ಬರುತ್ತದೆ. ನಾಲ್ಕು ಮಂದಿ ಕೈ ಹಾಕುತ್ತಾರೆ. ಒಬ್ಬರ ಕೈ ಜಾರಿದರೆ ಇನ್ನೊಬ್ಬರ ಬೆರಳು ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಎರಡು ಗಾಲಿಯ ಟ್ರಾಲಿ, ಒಟ್ಟು ಭಾರ 3000 ಕಿಲೊ. ಹತ್ತರಲ್ಲಿ ಒಂದು ಪಾಲು ಮೂಕಿಯ ಮೇಲೆ ಕೂತರೂ 300 ಕಿಲೊ ಆಯಿತು. ಅಂದ್ರೆ 50 ಕಿಲೊದ ಆರು ಚೀಲ! ಇದನ್ನು ಕೈಯಿಂದ ಎತ್ತುವುದು ಕೆಲಸವಲ್ಲ, ಅಪಾಯ. ನಾಲ್ಕು ಗಾಲಿಯ ಟ್ರಾಲಿಯಲ್ಲಿ ಈ ಕಷ್ಟ ಕಡಿಮೆ.

ಇನ್ನೊಂದು ಮಾತು. ಟ್ರಾಲಿಯ ಗಾಲಿ ತಕ್ಕಡಿಯ ಮುಳ್ಳು ಇದ್ದ ಹಾಗೆ. ಮುಂದಿನ ಚೀಲ ಮೊದಲು ಇಳಿಸಿದರೆ ಹಿಂಭಾರ ಆಗುತ್ತದೆ. ಮೂಕಿ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಜಾಕ್ ಕೆಳಗಿನಿಂದ ಆಸರೆ ಕೊಡುತ್ತದೆ, ಹಾರುವ ಮೂಕಿಯನ್ನು ಹಿಡಿಯುವುದಿಲ್ಲ. ಆದ್ದರಿಂದ ಟ್ರ್ಯಾಕ್ಟರು ಬಿಚ್ಚಿದ ಟ್ರಾಲಿಯಲ್ಲಿ ಹಿಂದಿನ ಚೀಲ ಮೊದಲು ಇಳಿಸಿರಿ. ಹಿಂದಿನ ತುದಿಗೆ ಹತ್ತಿ ನಿಲ್ಲಬೇಡಿರಿ.

ಜಾಕ್ ಅಂದ್ರೆ ಏನು? ಒಂದು ಕೊಳವೆ. ಅದರೊಳಗೆ ಉದ್ದನೆಯ ತಿರುಪು. ಹಿಡಿಕೆ ತಿರುಗಿಸಿದರೆ ಕೊಳವೆಯ ಕಾಲು ಕೆಳಗಿಳಿದು ನೆಲ ಒತ್ತುತ್ತದೆ, ಮೂಕಿ ಮೇಲೇಳುತ್ತದೆ. ಹತ್ತಾರು ಸುತ್ತು ತಿರುಗಿಸಬೇಕು, ಆದರೆ ಒಬ್ಬಾಕೆಯ ಕೈಗೇ ಸಾಕು. ಕರೆಂಟಿನ ಜಾಕಿನಲ್ಲಿ ಈ ತಿರುಗಿಸುವ ಕೆಲಸವನ್ನು ಸಣ್ಣ ಮೋಟಾರು ಮಾಡುತ್ತದೆ. ಗುಂಡಿ ಒತ್ತಿದರೆ ಆಯಿತು. ಅಮೆರಿಕದಂಥ ದೇಶಗಳಲ್ಲಿ ಹಾಸಿಗೆ, ಒಲೆ ಇರುವ ಪುಟ್ಟ ಮನೆಯಂಥ ಗಾಡಿಯನ್ನು ವಾಹನದ ಹಿಂದೆ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಅಂಥ ಗಾಡಿಗೆ ಈ ಜಾಕ್ ಹಾಕುತ್ತಾರೆ. ನಮ್ಮ ಟ್ರಾಲಿಗೆ ಕೈ ಜಾಕೇ ಸಾಕು ಅನ್ನುವುದು ನನ್ನ ಎಣಿಕೆ. ಆದರೆ ದಿನಕ್ಕೆ ಹತ್ತು ಸಲ ಬಿಚ್ಚಿ ಕಟ್ಟುವವರಿಗೆ, ಸೊಂಟ ನೋವಿನವರಿಗೆ ಕರೆಂಟಿನದು ಒಳ್ಳೆಯದು. ಎಷ್ಟು ಭಾರ ಎತ್ತುತ್ತದೆ ಎಂದು ಜಾಕಿನ ಮೇಲೆ ಬರೆದಿರುತ್ತದೆ. ನೀವೇ ಓದಿ ನೋಡಿರಿ. ಆ ಅಂಕಿ ನಿಮ್ಮ ಮೂಕಿಯ ಭಾರಕ್ಕಿಂತ ಹೆಚ್ಚಿರಬೇಕು.

ಕೂಡಿಸುವಾಗ ಟ್ರಾಲಿ ಖಾಲಿ ಇರಲಿ. ಗಾಲಿಗೆ ಎರಡೂ ಕಡೆ ಕಲ್ಲು ಕೊಡಿರಿ. ಮೂಕಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿರಿ. ಆಮೇಲೆಯೇ ಹಳೆಯ ಜಾಕ್ ಬಿಚ್ಚುವುದು. ಹೊಸದನ್ನು ಬೋಲ್ಟಿನಿಂದಲೋ ವೆಲ್ಡಿಂಗ್ ಮಾಡಿಸಿಯೋ ಬಿಗಿ ಮಾಡಿಸಿರಿ. ಟ್ರ್ಯಾಕ್ಟರು ತಿರುಗುವಾಗ ದೊಡ್ಡ ಗಾಲಿ ಜಾಕಿಗೆ ತಾಗಬಾರದು. ಇದನ್ನು ಮೊದಲೇ ಅಳೆದು ನೋಡಬೇಕು.

ಇನ್ನು ವೈರಿನ ಕೆಲಸ. "ಕರೆಂಟ್ ಹೊಡೀತದೇನ್ರಿ?" ಅಂತ ಕೇಳುತ್ತೀರಿ. ಮನೆಯ ಕರೆಂಟು 230 ವೋಲ್ಟ್. ಟ್ರ್ಯಾಕ್ಟರಿನ ಬ್ಯಾಟರಿ 12 ವೋಲ್ಟ್. ಅದು ಮನೆಯ ಕರೆಂಟಿನ ಹಾಗೆ ಹೊಡೆಯುವುದಿಲ್ಲ. ಆದರೆ ಸುಡುತ್ತದೆ! ಭಾರ ಎತ್ತುವಾಗ ಈ ಮೋಟಾರು 30 ಆಂಪಿಯರ್ ತನಕ ಎಳೆಯಬಹುದು. ಮನೆಯ 60 ವ್ಯಾಟಿನ ಬಲ್ಬು ಎಳೆಯುವುದಕ್ಕಿಂತ ಇದು ನೂರು ಪಟ್ಟು ಹೆಚ್ಚು. ತೆಳು ವೈರು ಹಾಕಿದರೆ ಕಾದು ಕರಗುತ್ತದೆ. ದಪ್ಪ ವೈರೇ ಬೇಕು.

ಬ್ಯಾಟರಿಯಲ್ಲಿ ಎರಡು ತುದಿ. ಕೂಡಿಸುವ ಗುರುತು (+) ಇದ್ದದ್ದು ಪ್ಲಸ್. ಕಳೆಯುವ ಗುರುತು (-) ಇದ್ದದ್ದು ಮೈನಸ್. ಶಾಲೆಯ ಲೆಕ್ಕದ ಗುರುತೇ ಇವು. ಕೆಲಸಕ್ಕೆ ಮೊದಲು ಮೈನಸ್ ಬಿಚ್ಚಿರಿ. ಕೊನೆಗೆ ಅದನ್ನೇ ಜೋಡಿಸಿರಿ. ಯಾಕೆ? ಮೈನಸ್ಸು ಟ್ರ್ಯಾಕ್ಟರಿನ ಮೈಗೇ ಕೂಡಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ಟ್ರ್ಯಾಕ್ಟರಿನ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಬಿಚ್ಚಿದ್ದರೆ ಹಾರುವುದಿಲ್ಲ.

ಅಕ್ಕಂದಿರೇ, ಬಂಗಾರದ ಬಳೆ, ಉಂಗುರ ತೆಗೆದಿಡಿರಿ. ತಾಳಿ ಸರ ಜೋತಾಡದಂತೆ ಕುಪ್ಪಸದೊಳಗೆ ಸೇರಿಸಿರಿ. ಲೋಹದ ಬಳೆ ಎರಡೂ ತುದಿಗೆ ಒಮ್ಮೆಲೇ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಮಣಿಕಟ್ಟು ಸುಡುತ್ತದೆ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗಾಳಿಯೂ ಬರುತ್ತದೆ. ಪಕ್ಕದಲ್ಲಿ ಬೀಡಿ ಸೇದುವವರನ್ನು ದೂರ ಕಳಿಸಿರಿ, ಹಿರಿಯರಾದರೂ ಸರಿ. ಒಳಗಿನ ಆಸಿಡ್ ಚರ್ಮಕ್ಕೆ ಬಿದ್ದರೆ ತಡಮಾಡದೆ ಬಹಳ ಹೊತ್ತು ನೀರು ಸುರಿಯಿರಿ. ಕಣ್ಣಿಗೆ ಬಿದ್ದರೆ ನೀರು ಹಾಕುತ್ತಲೇ ಡಾಕ್ಟರ ಹತ್ತಿರ ಹೋಗಿರಿ.

ಜಾಕಿನ ಕೆಂಪು ವೈರು ಪ್ಲಸ್ಸಿಗೆ. ಆದರೆ ನಡುವೆ ಫ್ಯೂಸ್ ಬೇಕೇ ಬೇಕು. ಅದು ಬ್ಯಾಟರಿಯ ಹತ್ತಿರವೇ ಇರಲಿ. ವೈರು ಎಲ್ಲಾದರೂ ಸವೆದು ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹಾರಿ ಕರೆಂಟು ನಿಲ್ಲುತ್ತದೆ. ಬರೆದಷ್ಟೇ ಆಂಪಿಯರಿನ ಫ್ಯೂಸ್ ಹಾಕಿರಿ. ಹಾರಿದ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವವರಿದ್ದಾರೆ. ಅಂಥವರ ಕೈಗೆ ಕೊಡಬೇಡಿರಿ.

ಮೈನಸ್ಸಿನಲ್ಲಿ ಒಂದು ಸೂಕ್ಷ್ಮ ಇದೆ. ಎಷ್ಟೋ ಜಾಕುಗಳಿಗೆ ಒಂದೇ ವೈರು. ಕರೆಂಟು ಗಾಡಿಯ ಕಬ್ಬಿಣದ ಮೈಯಿಂದಲೇ ಮೈನಸ್ಸಿಗೆ ಮರಳುತ್ತದೆ. ಆದರೆ ನಮ್ಮ ಬ್ಯಾಟರಿ ಇರುವುದು ಟ್ರ್ಯಾಕ್ಟರಿನಲ್ಲಿ. ಪಿನ್ನು ತೆಗೆದರೆ ಟ್ರಾಲಿಗೂ ಟ್ರ್ಯಾಕ್ಟರಿಗೂ ಸಂಬಂಧ ಕಡಿದಂತೆ. ಜಾಕು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಮೈನಸ್ಸಿಗೂ ಬೇರೆ ದಪ್ಪ ವೈರು ಎಳೆಯಿರಿ. ಎರಡಕ್ಕೂ ಕೂಡಿ ಒಂದು ಪ್ಲಗ್ ಇರಲಿ. ವೈರು ಕೂಡಿಸುವ ಜಾಗದ ಬಣ್ಣ, ತುಕ್ಕು ಕೆರೆದು ಹೊಳೆಯುವ ಕಬ್ಬಿಣ ಕಾಣಬೇಕು.

ಮಳೆಗಾಲದಲ್ಲಿ ಎರೆ ಮಣ್ಣಿನಲ್ಲಿ ಜಾಕಿನ ಕಾಲು ಹೂತು ಹೋಗುತ್ತದೆ. ಕೆಳಗೆ ಅಗಲವಾದ ಹಲಗೆ ಇಡಿರಿ. ಎತ್ತಿದ ಮೂಕಿಯ ಕೆಳಗೆ ಕೈ, ಕಾಲು ಹಾಕಬೇಡಿರಿ. ಹೊರಡುವ ಮೊದಲು ಕಾಲನ್ನು ಪೂರ್ತಿ ಮೇಲೆತ್ತಿರಿ, ಇಲ್ಲದಿದ್ದರೆ ಮೊದಲ ಉಬ್ಬಿಗೇ ಮುರಿಯುತ್ತದೆ. ಪ್ಲಗ್ ಬಿಚ್ಚಿರಿ. ಕರೆಂಟಿನ ಜಾಕಿನ ಜೊತೆ ಒಂದು ಕೈ ಹಿಡಿಕೆಯೂ ಬರುತ್ತದೆ. ಬ್ಯಾಟರಿ ಕೈಕೊಟ್ಟ ದಿನ ಅದರಿಂದಲೇ ತಿರುಗಿಸಬೇಕು. ಅದನ್ನು ಮನೆಯ ಅಟ್ಟದ ಮೇಲೆ ಇಡಬೇಡಿರಿ, ಟ್ರ್ಯಾಕ್ಟರಿನ ಸಾಮಾನಿನ ಪೆಟ್ಟಿಗೆಯಲ್ಲೇ ಇರಲಿ.