ಮಣ್ಣಿನಲ್ಲಿರುವ ಸಹಜ ವಿಕಿರಣ: ಅಳೆಯುವುದು ಹೇಗೆ? ಅಂಜಬೇಕೆ?

ಮಣ್ಣಿನಲ್ಲಿ ಸಸ್ಯಪೋಷಕಾಂಶಗಳಿರುವಂತೆ ವಿಕಿರಣ ಸೂಸುವ ಮೂಲವಸ್ತುಗಳೂ ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಬೈಲು, ಮಜಲು, ಬೆಟ್ಟು ಗದ್ದೆಗಳಾಗಲಿ, ಕಡಲಂಚಿನ ತೆಂಗಿನ ತೋಟಗಳಾಗಲಿ ಇದಕ್ಕೆ ಹೊರತಲ್ಲ. ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ-40 ಇವುಗಳಲ್ಲಿ ಮುಖ್ಯವಾದವು.

ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ?

ಕರಾವಳಿಯ ಜಡಿಮಳೆಗೆ ಪೊಟ್ಯಾಸಿಯಂ ಬಹುಮಟ್ಟಿಗೆ ತೊಳೆದುಹೋಗುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಥೋರಿಯಂ ಮುರಕಲ್ಲಿನ ಮಣ್ಣಿನಲ್ಲಿಯೇ ಉಳಿಯುತ್ತದೆ. ಕೇರಳದ ಚವರ ತೀರದಲ್ಲಿ ಥೋರಿಯಂಯುಕ್ತ ಮೊನಾಜೈಟ್ ಮರಳು ಹೇರಳವಾಗಿದೆ. ಮಂಗಳೂರಿನ ಬಳಿಯ ಉಳ್ಳಾಲದಲ್ಲಿಯೂ ಹೆಚ್ಚಿನ ವಿಕಿರಣ ಕಂಡುಬಂದುದು 1993ರಲ್ಲಿ ಪ್ರಕಟವಾಯಿತು. ಆದರೆ ಕಪ್ಪು ಮರಳು ಕಂಡಲ್ಲೆಲ್ಲ ಮೊನಾಜೈಟ್ ಇದೆಯೆನ್ನಲಾಗದು. ಆ ಕಪ್ಪು ಸಾಮಾನ್ಯವಾಗಿ ಇಲ್ಮನೈಟಿನದು. ಅಳೆದೇ ತಿಳಿಯಬೇಕು.

ಅಳೆಯುವ ಕ್ರಮ

1. ಕಟ್ಟಡ, ರಸ್ತೆಗಳಿಂದ ದೂರದ ಜಾಗದಲ್ಲಿ ಕಸಕಡ್ಡಿ ತೆಗೆದು, ಹಲವು ಕಡೆಯ ಮಣ್ಣನ್ನು ಬೆರೆಸಿ ಮಾದರಿ ಮಾಡಬೇಕು.
2. ಪ್ರಯೋಗಾಲಯದಲ್ಲಿ ಅದನ್ನು ಒಣಗಿಸಿ, ಪುಡಿಮಾಡಿ, ಜರಡಿ ಹಿಡಿಯುತ್ತಾರೆ.
3. ರೇಡಾನ್ ಅನಿಲ ಹೊರಹೋಗದಂತೆ ಡಬ್ಬಿಯಲ್ಲಿ ಮುಚ್ಚಿ ಸುಮಾರು ಒಂದು ತಿಂಗಳು ಇಡುತ್ತಾರೆ.
4. ಬಳಿಕ ಸೀಸದ ಕವಚದೊಳಗಿನ ಗಾಮಾ ವರ್ಣಮಾಪಕದಲ್ಲಿಟ್ಟು ಎಣಿಸುತ್ತಾರೆ.

ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕರೆಲ್. ಪ್ರಪಂಚದ ಮಣ್ಣುಗಳಲ್ಲಿ ಕಿಲೋಗ್ರಾಮಿಗೆ ಸರಾಸರಿ ರೇಡಿಯಂ 35, ಥೋರಿಯಂ 30, ಪೊಟ್ಯಾಸಿಯಂ-40 400 ಬೆಕರೆಲ್ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು 2000ರಲ್ಲಿ ತಿಳಿಸಿತು. ರೇಡಿಯಂ ಯುರೇನಿಯಂನಿಂದ ಹುಟ್ಟುವಂಥದು. ಥೋರಿಯಂ ಅಂಕಿಯನ್ನು 1.43ರಿಂದ, ಪೊಟ್ಯಾಸಿಯಂ ಅಂಕಿಯನ್ನು 0.077ರಿಂದ ಗುಣಿಸಿ ರೇಡಿಯಂ ಅಂಕಿಗೆ ಕೂಡಿಸಿದರೆ ಒಟ್ಟು ಸುಮಾರು 109 ಆಗುತ್ತದೆ. ಕಟ್ಟಡ ಸಾಮಗ್ರಿಗಳಿಗೆ ಒಪ್ಪಿರುವ ಮಿತಿ 370.

ಪೊಟ್ಯಾಷ್ ಗೊಬ್ಬರದಿಂದ ಅಪಾಯವೆ?

ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕರೆಲ್ ಇರುವುದು ನಿಜ. ತೆಂಗಿನ ಮರವೊಂದಕ್ಕೆ ವರ್ಷಕ್ಕೆ 2 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಟ್ಟರೆ ಸುಮಾರು ಒಂದು ಕಿಲೋ ಪೊಟ್ಯಾಸಿಯಂ ಸೇರುತ್ತದೆ. ಎಕರೆಗೆ 70 ಮರಗಳೆಂದರೆ ಸುಮಾರು 22 ಲಕ್ಷ ಬೆಕರೆಲ್. ಆದರೆ ಎಕರೆಯ ಮೇಲ್ಮಣ್ಣಿನ ತೂಕವೇ ಸುಮಾರು 9 ಲಕ್ಷ ಕಿಲೋ. ಆದುದರಿಂದ ಕಿಲೋ ಮಣ್ಣಿಗೆ ಸೇರುವುದು ಎರಡೂವರೆ ಬೆಕರೆಲ್ ಮಾತ್ರ. ಅದರಲ್ಲಿಯೂ ಒಂದು ಪಾಲನ್ನು ಬೆಳೆ ಹೀರುತ್ತದೆ, ಇನ್ನೊಂದು ಪಾಲು ಮಳೆಗೆ ಹೋಗುತ್ತದೆ. ಮನುಷ್ಯನ ದೇಹದಲ್ಲಿಯೇ ಪೊಟ್ಯಾಸಿಯಂ-40 ಸುಮಾರು 4,000 ಬೆಕರೆಲ್‌ನಷ್ಟಿದೆ. ವಿಕಿರಣದ ಅಂಜಿಕೆಯಿಂದ ಪೊಟ್ಯಾಷ್ ನಿಲ್ಲಿಸಿದರೆ ಇಳುವರಿ ನಷ್ಟವಾಗುವುದೇ ಹೊರತು ಆರೋಗ್ಯಕ್ಕೆ ಲಾಭವಿಲ್ಲ.

ಆರೋಗ್ಯದ ದೃಷ್ಟಿಯಿಂದ

ಕೇರಳದ ಕರುನಾಗಪಳ್ಳಿಯಲ್ಲಿ ಸುಮಾರು 70,000 ಜನರನ್ನು ಗಮನಿಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ನೆಲದ ಗಾಮಾ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದುದು ಅದರಲ್ಲಿ ಕಂಡುಬರಲಿಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದುದು ರೇಡಾನ್ ಬಗ್ಗೆ. ನೆಲದಿಂದೆದ್ದು ಗಾಳಿಯಾಡದ ಕೋಣೆಗಳಲ್ಲಿ ಕೂಡಿಕೊಳ್ಳುವ ಈ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಕಾರಣ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಮನೆಯ ಗಾಳಿಯಲ್ಲಿ ಘನಮೀಟರಿಗೆ 100 ಬೆಕರೆಲ್ ಮೀರದಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆದ್ದರಿಂದ ನೆಲದ ಬಿರುಕುಗಳನ್ನು ಮುಚ್ಚಬೇಕು, ಮಳೆಗಾಲದಲ್ಲಿಯೂ ದಿನಕ್ಕೆ ಕೆಲಹೊತ್ತು ಕಿಟಕಿ ತೆರೆದಿಡಬೇಕು. ಕಡಲ ಮರಳನ್ನು ಮನೆ ಕಟ್ಟಲು ಬಳಸಬಾರದು. ಮಣ್ಣು ಪರೀಕ್ಷೆಯ ವರದಿಯಂತೆ ಪೊಟ್ಯಾಷನ್ನು ತಪ್ಪದೆ ಕೊಡಬೇಕು.